ಬೂಟಿನಂಗಡಿಯವನು ಬೆಟ್ಟ ಹತ್ತಿದ್ದು

ಎಗೋನ್ ಪ್ರೊಹಾಸ್ಕಾ ಸುಳ್ಳುಗಾರನಲ್ಲ. ಅವನು ಬೂಟು ಮಾರುವವನು. ಇವೆರಡಕ್ಕೂ ಇರುವ ವ್ಯತ್ಯಾಸ ವ್ಯಾಪಾರ ಮಾಡಿ ಬದುಕಿದವರಿಗೆ ಮಾತ್ರ ತಿಳಿಯುತ್ತದೆ. ಉಳಿದವರಿಗೆ ತಿಳಿಹೇಳಲು ಹೋಗಿ ಅವನು ಪಟ್ಟ ಪಾಡೇ ಈ ಕಥೆ.

ವಿಯೆನ್ನಾದ ಪಶ್ಚಿಮ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನು ಕೆಲಸ ಮಾಡುವ ಅಂಗಡಿ. ಅಲ್ಲಿ ಸಿಗುವುದು ಬೆಟ್ಟ ಹತ್ತುವವರ ಬೂಟು. ಗಿರಾಕಿ ಹೊಸ ಬೂಟಿನಲ್ಲಿ ಕಾಲಿಟ್ಟು, ಕನ್ನಡಿಯ ಮುಂದೆ ಎರಡು ಹೆಜ್ಜೆ ನಡೆದು, "ಬಂಡೆ ಮೇಲೆ ಜಾರಲ್ಲ ತಾನೆ?" ಎಂದು ಅನುಮಾನದಿಂದ ಕೇಳಿದಾಗ ಎಗೋನ್ ತಕ್ಷಣ ಉತ್ತರ ಕೊಡುವುದಿಲ್ಲ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾನೆ. ಕಿಟಕಿಯಾಚೆ ಇರುವುದು ಟ್ರಾಮಿನ ತಂತಿ ಮತ್ತು ಒಂದು ಪಾರಿವಾಳ. ಆದರೆ ಅವನ ಕಣ್ಣು ನೋಡಿದವರಿಗೆ ಅಲ್ಲೊಂದು ಹಿಮದ ಶಿಖರ ಕಂಡಂತಾಗುತ್ತದೆ.

"ಮೂರು ದಿನ," ಎನ್ನುತ್ತಾನೆ ಮೆಲ್ಲಗೆ. "ಹಿಮಗಟ್ಟಿದ ನೀರ್ಗಲ್ಲಿನ ಗೋಡೆಗೆ ಅಂಟ್ಕೊಂಡು ಮೂರು ದಿನ ಕಳೆದೆ ಸ್ವಾಮಿ. ಹಗ್ಗದ ಆ ತುದೀಲಿ ವಾಲ್‌ಬುರ್ಗಾ, ಈ ತುದೀಲಿ ನಾನು. ನಮ್ಮಿಬ್ಬರ ಜೀವ ಉಳಿಸಿದ್ದು ಈ ಬೂಟು."

ಗಿರಾಕಿ ಮರುಮಾತಿಲ್ಲದೆ ಬೂಟು ಕೊಳ್ಳುತ್ತಾನೆ.

ಎಗೋನ್ ಜೀವಮಾನದಲ್ಲಿ ಹತ್ತಿದ ಅತಿ ಎತ್ತರದ ವಸ್ತುವೆಂದರೆ ಮನೆಯ ಏಣಿ. ಅದೂ ಬಲ್ಬು ಬದಲಿಸಲು. ಆಗಲೂ ಕೆಳಗೆ ಹೆಂಡತಿ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಬೇಕು, ಮಗಳು ಅವನ ಪ್ಯಾಂಟು ಹಿಡಿದಿರಬೇಕು. ಬೇಸಿಗೆ ರಜೆ ಬಂತೆಂದರೆ ಇಟಲಿಯ ಕಡಲತೀರದ ಕೊಡೆಯ ಕೆಳಗೆ, ಮುಖದ ಮೇಲೆ ಟವೆಲು ಹಾಕಿಕೊಂಡು, ಹದಿನೈದು ದಿನ ಮಲಗುವುದು ಅವನ ಪದ್ಧತಿ. ಈ ಪದ್ಧತಿಗೆ ಅವನ ಹೆಂಡತಿ ಗೂಡ್ರುನ್ ಈ ವರ್ಷ ಕಲ್ಲು ಹಾಕಿದಳು.

"ಮಲಗೋಕೆ ಇಟಲಿ ತನಕ ಯಾಕ್ರೀ ಹೋಗ್ಬೇಕು? ಮನೇಲೇ ಮಂಚ ಇದೆ. ಈ ಸಲ ಮೈ ಬಗ್ಗಿಸೋ ರಜೆ. ಬೆಟ್ಟ, ಸೈಕಲ್ಲು, ನದಿ, ಹಗ್ಗ. ದಿನಕ್ಕೊಂದು!"

"ಹಗ್ಗ ಯಾಕೆ?"

"ಹೋದ್ಮೇಲೆ ಗೊತ್ತಾಗತ್ತೆ."

ಗೂಡ್ರುನ್‌ಳ ತಾಯಿ, ಎಪ್ಪತ್ತಾರರ ಅತ್ತೆ ಹೆರ್ಮೀನೆಯೂ ಹೊರಟಳು. ಮುದುಕಿ ಎಂದುಕೊಂಡು ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ ಅವರನ್ನು ಮುಂದಿನ ನಿಲ್ದಾಣದವರೆಗೂ ಬೈಯುವ ಹೆಂಗಸು ಅವಳು. ಹದಿನೈದರ ಮಗಳು ವಲೇರಿಯೂ ಬಂದಳು, ಅಂದರೆ ಅವಳ ಫೋನು ಬಂತು, ಅದರ ಹಿಂದೆ ಅವಳು ಬಂದಳು. ಹೀಗೆ ಈ ಸಂಸಾರ ಟಿರೋಲ್ ಬೆಟ್ಟಸೀಮೆಯ ಹಿಂಟರ್‌ಲಾನ್ ಎಂಬ ಹಳ್ಳಿಯಲ್ಲಿ, ಸೆಂಜಿ ಎಂಬ ಘನಗಾತ್ರದ ಹೆಂಗಸು ನಡೆಸುವ ವಸತಿಗೃಹಕ್ಕೆ ಬಂದಿಳಿಯಿತು. ಎದುರಿಗೇ ಒಂದು ಬೆಟ್ಟ. ಬೋಳು ನೆತ್ತಿ, ಗೂನು ಬೆನ್ನು, ಎರಡು ಕಡೆ ಇಳಿಬಿದ್ದ ಕರಿ ಬಂಡೆಯ ನಿಲುವಂಗಿ. ಊರವರು ಅದನ್ನು ಮುದಿ ಪಾದ್ರಿ ಎಂದು ಕರೆಯುತ್ತಿದ್ದರು. ದೂರದ ಬೆಟ್ಟ ನುಣ್ಣಗೆ ಎಂಬ ಮಾತಿದೆಯಲ್ಲ, ಈ ಬೆಟ್ಟ ದೂರದಿಂದಲೂ ನುಣ್ಣಗಿರಲಿಲ್ಲ.

ಮೊದಲ ದಿನವೇ ಗೂಡ್ರುನ್ ಎಲ್ಲರನ್ನೂ ಸೈಕಲ್ಲಿನ ಮೇಲೆ ಹತ್ತಿಸಿ ಕಣಿವೆಯುದ್ದಕ್ಕೂ ಓಡಿಸಿದಳು. ಏರಿನಲ್ಲಿ ಎಗೋನ್ ಸೈಕಲ್ಲನ್ನು ತಳ್ಳಿದ, ಇಳಿಜಾರಿನಲ್ಲಿ ಸೈಕಲ್ಲು ಅವನನ್ನು ತಳ್ಳಿತು. ಒಂದು ಹಸು ರಸ್ತೆಗಡ್ಡ ನಿಂತಿದ್ದರಿಂದ ಬದುಕಿಕೊಂಡ. ಸಂಜೆ ವಸತಿಗೃಹದ ಊಟದ ಮನೆಯಲ್ಲಿ ಕೂತಾಗ ಅವನಿಗೆ ಬೇಕಾಗಿದ್ದು ಎರಡೇ: ಬಿಸಿ ಸಾರಿನಲ್ಲಿ ಮುಳುಗಿದ ಬ್ರೆಡ್ಡಿನ ಉಂಡೆ, ಮತ್ತು ಯಾರೂ ಮಾತಾಡಿಸದಿರುವುದು.

ಆಗ ಬಾಗಿಲು ದೂಡಿಕೊಂಡು ಭಾರೀ ಎತ್ತರದ ಒಬ್ಬ ಗಡ್ಡದವನು ಒಳಗೆ ಬಂದ. ಕೆಂಪು ಅಂಗಿಯ ಮೇಲೆ ಬೆಟ್ಟದ ರಕ್ಷಣಾ ತಂಡದ ಬಿಲ್ಲೆ. ಅವನು ಎಗೋನ್‌ನನ್ನು ನೋಡಿದ. ನಿಂತ. ಮತ್ತೆ ನೋಡಿದ. ದಡದಡನೆ ಬಂದು ತನ್ನ ಬಲಗಾಲನ್ನು ಎತ್ತಿ, ಸಾರಿನ ಬಟ್ಟಲಿನ ಪಕ್ಕದಲ್ಲಿ, ಮೇಜಿನ ಮೇಲೆ ಧೊಪ್ಪನೆ ಇಟ್ಟ.

"ಗುರುತು ಸಿಕ್ತಾ?"

ಎಗೋನ್‌ಗೆ ಮುಖದ ಗುರುತು ಸಿಗಲಿಲ್ಲ. ಬೂಟಿನ ಗುರುತು ಸಿಕ್ಕಿತು. ಕೈಯಲ್ಲಿದ್ದ ಚಮಚ ಸಾರಿನೊಳಗೆ ಜಾರಿತು.

"ಮೂರು ವರ್ಷದ ಹಿಂದೆ, ವಿಯೆನ್ನಾದಲ್ಲಿ! ನಾನು ವಿಗಿಲ್! ನೀವೇ ಕೂತು ಲೇಸು ಕಟ್ಟಿದ್ರಲ್ಲ!" ಗಡ್ಡದವನು ಇಡೀ ಊಟದ ಮನೆಯ ಕಡೆ ತಿರುಗಿದ. "ಏಯ್, ಎಲ್ಲಾ ಇಲ್ಲಿ ಕೇಳ್ರಪ್ಪಾ! ನಾನು ಹೇಳ್ತಿದ್ನಲ್ಲ, ನೀರ್ಗಲ್ಲಿನ ಗೋಡೇಲಿ ಮೂರು ದಿನ ನೇತಾಡಿದ ಮನುಷ್ಯ, ಇವ್ರೇ ಅವ್ರು!"

ಕುರ್ಚಿಗಳು ಸರಿದವು. ಸೆಂಜಿ ಅಡಿಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. ಮೂಲೆಯಲ್ಲಿ ಇಸ್ಪೀಟು ಆಡುತ್ತಿದ್ದ ಮುದುಕರು ಎದ್ದುನಿಂತು ಟೋಪಿ ತೆಗೆದರು. ವಿಗಿಲ್ ಬಿರುಗಾಳಿಯಿಂದ ಶುರುಮಾಡಿ ವಾಲ್‌ಬುರ್ಗಾವರೆಗೆ ಒಂದಕ್ಷರ ಬಿಡದೆ ಕಥೆ ಒಪ್ಪಿಸಿದ. ಕಥೆ ಅಂಗಡಿಯಲ್ಲಿದ್ದಾಗ ಇಷ್ಟು ಉದ್ದ ಇರಲಿಲ್ಲ ಎಂದು ಎಗೋನ್‌ಗೆ ಅನಿಸಿತು. ಆದರೆ ಹೇಳಿದವನ ಕೈ ಮರದ ದಿಮ್ಮಿಯ ಹಾಗಿತ್ತು.

"ಅಯ್ಯೋ, ಅಂಥದ್ದೇನಿಲ್ಲ," ಎಂದ ಎಗೋನ್, ಬಟ್ಟಲಿನಲ್ಲಿ ಚಮಚ ಹುಡುಕುತ್ತ.

"ನೋಡಿದ್ರಾ!" ಎಂದು ವಿಗಿಲ್ ಗರ್ಜಿಸಿದ. "ಇದೇ ಲಕ್ಷಣ! ನಿಜವಾಗಿ ಹತ್ತಿದೋರು ಬಾಯಿ ಬಿಡಲ್ಲ!"

ಆ ಗಳಿಗೆಯಲ್ಲೇ ಎಗೋನ್ ಎದ್ದುನಿಂತು ಸತ್ಯ ಹೇಳಿಬಿಡಬಹುದಿತ್ತು. ಹೇಳಲು ಬಾಯಿ ತೆರೆದೂ ಇದ್ದ. ಆದರೆ ಎದುರಿಗೆ ಕೂತಿದ್ದ ವಲೇರಿ ಫೋನಿನಿಂದ ತಲೆಯೆತ್ತಿದ್ದಳು. ಎರಡು ವರ್ಷದಿಂದ ಅಪ್ಪನಿಗೆ ಆ ಹುಡುಗಿಯ ನೆತ್ತಿ ಬಿಟ್ಟರೆ ಬೇರೇನೂ ಕಂಡಿರಲಿಲ್ಲ. ಈಗ ಕಣ್ಣು ಕಂಡವು. ನೀಲಿ ಕಣ್ಣು, ಅಗಲವಾಗಿ ತೆರೆದಿದ್ದವು.

"ಪಪ್ಪಾ, ನಿಜವಾಗ್ಲೂ?"

"ಹಳೇದಮ್ಮ ಅದೆಲ್ಲ," ಎಂದುಬಿಟ್ಟ ಎಗೋನ್.

ಅಷ್ಟೇ ಆಡಿದ್ದು. ಅಷ್ಟು ಸಾಕಾಯಿತು.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಗೂಡ್ರುನ್ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾವಾಗ?"

"ಏನು ಯಾವಾಗ?"

"ಆ ಮೂರು ದಿನ. ಯಾವಾಗ?"

"ಅಯ್ಯೋ ಮಾರಾಯ್ತಿ, ಅದು ಬೂಟು ಮಾರೋಕೆ ಹೇಳಿದ್ದು ಕಣೆ! ನಾನು ಯಾವ ಬೆಟ್ಟಾನೂ ಹತ್ತಿಲ್ಲ. ನಿಂಗೊತ್ತಿಲ್ವಾ?"

ಗೂಡ್ರುನ್ ನಕ್ಕಳು. ಮದುವೆಯಾದ ಗಂಡಸರಿಗೆ ಆ ನಗೆಯ ಅರ್ಥ ಗೊತ್ತು.

"ನೀವು? ಸುಳ್ಳು ಹುಟ್ಟಿಸಿದ್ರಿ? ಹೋದ ವರ್ಷ ನಮ್ಮ ಮದುವೆ ದಿನ ಮರೆತು ಬಂದು, ಯಾಕ್ರೀ ಅಂತ ಕೇಳಿದ್ರೆ 'ಟ್ರಾಮ್ ಲೇಟು' ಅಂದ್ರಿ. ಅದಕ್ಕಿಂತ ಒಳ್ಳೆ ಸುಳ್ಳು ನಿಮ್ಮ ತಲೇಲಿ ಹುಟ್ಲಿಲ್ಲ. ಅಂಥವರು ನೀರ್ಗಲ್ಲಿನ ಗೋಡೆ, ಬಿರುಗಾಳಿ, ಹಗ್ಗ, ಹಗ್ಗದ ತುದೀಲೊಬ್ಬ ಹೆಂಗಸು, ಇಷ್ಟೆಲ್ಲ ಕಟ್ಟಿದ್ರಿ ಅಂದ್ರೆ ನಾನು ನಂಬ್ಬೇಕು? ಅಷ್ಟು ಕಲ್ಪನೆ ನಿಮಗಿಲ್ಲ ರೀ. ಇದು ನಡೆದಿರೋದೇ."

"ಆ ವಾಲ್‌ಬುರ್ಗಾ ಹೆಂಗಸೇ ಅಲ್ಲ! ಬೂಟಿನ ಹೆಸರು! ಹೆಂಗಸರ ಬೂಟು! ಕಂದು ಬಣ್ಣ, ಮೆತ್ತಗಿರತ್ತೆ, ಸೈಜು ಮೂವತ್ತೆಂಟು..."

"ಅವಳ ಪಾದದ ಅಳತೇನೂ ಗೊತ್ತು!"

ಗೂಡ್ರುನ್ ಮಂಚದ ಮೇಲೆ ಕುಸಿದು ಕೂತಳು. ಮುಖದಲ್ಲಿ ಏನೋ ಹೊಳೆದಂತಾಯಿತು.

"ಪ್ರತಿ ಜನವರಿ ಸ್ಟಾಕ್ ಎಣಿಸ್ಬೇಕು ಅಂತ ಗೋದಾಮಿಗೆ ಹೋಗ್ತೀರಿ. ಮೂರು ದಿನ. ಮೂರು ದಿನ, ಎಗೋನ್!"

ಪಕ್ಕದ ಕೋಣೆಯಿಂದ ಗೋಡೆಯನ್ನು ಗುದ್ದಿದ ಸದ್ದಾಯಿತು. ಟಿರೋಲಿನ ವಸತಿಗೃಹಗಳ ಗೋಡೆ ಮರದ್ದು. ಅತ್ತೆಯ ದನಿ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಕೇಳಿಸಿತು: "ನಾನು ನಿನ್ನ ಮದುವೆ ದಿನಾನೇ ಹೇಳಿರ್ಲಿಲ್ವೇನೇ ಗೂಡ್ರುನ್? ಇಷ್ಟು ಸಾಧುವಾಗಿರೋ ಗಂಡಸಿನೊಳಗೆ ಏನೋ ಇರತ್ತೆ ಅಂತ!"

ಆ ದನಿಯಲ್ಲಿ ಅಳಿಯನ ಬಗ್ಗೆ ಮೊಟ್ಟಮೊದಲ ಬಾರಿಗೆ ಒಂದಿಷ್ಟು ಗೌರವವಿತ್ತು. ಅದೇ ಎಗೋನ್‌ನನ್ನು ಹೆಚ್ಚು ಹೆದರಿಸಿತು.

ಮಾರನೆಯ ಬೆಳಿಗ್ಗೆಯಿಂದ ಗೂಡ್ರುನ್ ಗಂಡನೊಡನೆ ನೇರ ಮಾತು ನಿಲ್ಲಿಸಿದಳು. ತಿಂಡಿಯ ಮೇಜಿನಲ್ಲಿ, "ವಲೇರಿ, ನಿಮ್ಮಪ್ಪನಿಗೆ ಬೆಣ್ಣೆ ಬೇಕಾ ಕೇಳು. ವಾಲ್‌ಬುರ್ಗಾ ಹಚ್ಚಿಕೊಡ್ತಿದ್ದಳಾ ಅಂತಾನೂ ಕೇಳು," ಎನ್ನುವಳು. ವಲೇರಿ ಮಾತ್ರ ಅಪ್ಪನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಪಪ್ಪಾ, ಮೂರು ದಿನ ಏನು ತಿಂದ್ರಿ? ನಿದ್ದೆ ಹೇಗೆ ಮಾಡಿದ್ರಿ?" ಎಂದು ಕೇಳುತ್ತಲೇ ಇದ್ದಳು. ಫೋನು ಮೇಜಿನ ಮೇಲೆ ಮಗುಚಿ ಬಿದ್ದಿತ್ತು. ಎಗೋನ್‌ನ ಸ್ಥಿತಿ ಹೀಗಿತ್ತು: ಸುಳ್ಳೆಂದರೆ ಮಗಳು ಕೈಬಿಡುತ್ತಾಳೆ, ನಿಜವೆಂದರೆ ಹೆಂಡತಿ ಕೈಬಿಡುತ್ತಾಳೆ. ಅತ್ತ ದರಿ, ಇತ್ತ ಪುಲಿ. ನಡುವೆ ಬೆಣ್ಣೆ ಹಚ್ಚಿದ ಬ್ರೆಡ್ಡು.

ಅಷ್ಟರಲ್ಲಿ ಊರಿನ ಮೇಯರ್ ಕಾಸಿಯಾನ್ ಬಂದ. ಹಬ್ಬಕ್ಕೆ ತೊಡುವ ಕೊಂಬಿನ ಗುಂಡಿಯ ಕೋಟು ತೊಟ್ಟಿದ್ದ. ಹೊಟ್ಟೆಯ ಮೇಲಿನ ಗುಂಡಿ ಪ್ರಾಣ ಹಿಡಿದುಕೊಂಡು ನಿಂತಿತ್ತು.

"ಮಾನ್ಯರೇ! ಮುದಿ ಪಾದ್ರಿ ಮೇಲೆ ನಮ್ಮೂರವರು ಹೊಸದಾಗಿ ಕಬ್ಬಿಣದ ಹಾದಿ ಮಾಡಿದ್ದೇವೆ. ಬಂಡೆಗೆ ಮೆಟ್ಟಿಲು ಹೊಡೆದು, ಪಕ್ಕದಲ್ಲಿ ಉಕ್ಕಿನ ತಂತಿ ಬಿಗಿದು, ಕೆಳಗಿನಿಂದ ತುದಿ ತನಕ. ಈ ಭಾನುವಾರ ಪಾದ್ರಿಗಳು ಬಂದು ಆಶೀರ್ವಾದ ಮಾಡ್ತಾರೆ, ವಾದ್ಯದವರು ಬಾರಿಸ್ತಾರೆ. ಮೊದಲು ಹತ್ತೋರು ಯಾರು ಅಂತ ಪಂಚಾಯ್ತಿಯಲ್ಲಿ ಒಂದು ತಿಂಗಳಿಂದ ಜಗಳ. ವಿಗಿಲ್ ಹತ್ತಿದ್ರೆ ಮೇಲಿನ ಕೇರಿಗೆ ಸಿಟ್ಟು, ಮೇಲಿನ ಕೇರಿಯವರು ಹತ್ತಿದ್ರೆ ಕೆಳಗಿನ ಕೇರಿಗೆ ಸಿಟ್ಟು. ದೇವರೇ ನಿಮ್ಮನ್ನ ಕಳಿಸಿದ!"

"ಮೇಯರ್ ಸಾಹೇಬ್ರೆ, ನಾನು ಇವತ್ತಿನವರೆಗೂ ಒಂದು ಬೆಟ್ಟಾನೂ ಹತ್ತಿಲ್ಲ," ಎಂದ ಎಗೋನ್. ಸ್ಪಷ್ಟವಾಗಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದ.

ಕಾಸಿಯಾನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗುಂಡಿ ಹಾರಿ ಜಾಮಿನ ಬಟ್ಟಲಿಗೆ ಬಿತ್ತು.

"ವಿಗಿಲ್ ಹೇಳಿದ್ದ, ಹೀಗೇ ಅಂತೀರಿ ಅಂತ! ಅಮ್ಮಾವ್ರೆ, ನಿಮ್ಮ ಯಜಮಾನರು ಬಹಳ ವಿನಯವಂತರು."

"ಹೌದು," ಎಂದಳು ಗೂಡ್ರುನ್, ಚಾಕುವಿನಿಂದ ಬ್ರೆಡ್ಡನ್ನು ಇಬ್ಭಾಗ ಮಾಡುತ್ತ. "ಎಷ್ಟು ವಿನಯ ಅಂದ್ರೆ, ಇಷ್ಟು ವರ್ಷ ಸಂಸಾರ ಮಾಡಿದ ನನಗೂ ಹೇಳಿಲ್ಲ. ಹತ್ತುತ್ತಾರೆ ಬಿಡಿ. ನಾನೂ ನೋಡ್ಬೇಕು."

ಆ ಮಧ್ಯಾಹ್ನ ನದಿಯಲ್ಲಿ ರಬ್ಬರ್ ದೋಣಿ. ಗೂಡ್ರುನ್ ಹುಟ್ಟು ಹಾಕುವ ರಭಸ ನೋಡಿ ದೋಣಿ ನಡೆಸುವವನೇ ಅಂಚು ಹಿಡಿದುಕೊಂಡು ಕೂತ. ಅವಳು ನೀರಿಗೆ ಹೊಡೆಯುತ್ತಿದ್ದಾಳೋ ಬೇರೆ ಯಾರಿಗೋ ಹೊಡೆಯುತ್ತಿದ್ದಾಳೋ ಎಂದು ಎಗೋನ್‌ಗೆ ಅನುಮಾನ. ದಡಕ್ಕೆ ಬಂದಾಗ ಅವನಿಗೆ ಉಪಾಯ ಹೊಳೆಯಿತು. ಕಲ್ಲಿನ ಮೇಲೆ ಕಾಲಿಟ್ಟು, "ಅಯ್ಯಯ್ಯೋ!" ಎಂದು ಕೂಗಿ, ಕುಂಟಲು ತೊಡಗಿದ. ಕಾಲು ಉಳುಕಿದವನನ್ನು ಯಾರು ತಾನೆ ಬಂಡೆಗೆ ಹತ್ತಿಸುತ್ತಾರೆ?

ಸೆಂಜಿಗೆ ವಿಷಯ ಹೋಯಿತು. ಅವಳು ಮೊಸರು ಮೆತ್ತಿ, ಅದರ ಮೇಲೆ ಬೇರು ನೆನೆಸಿದ ಸಾರಾಯಿ ಸುರಿದು, ಅದರ ಮೇಲೆ ಎಲೆಕೋಸಿನ ಎಲೆ ಸುತ್ತಿ ಕಟ್ಟಿದಳು. ಇನ್ನು ಉಪ್ಪು, ಒಗ್ಗರಣೆ ಬಿದ್ದಿದ್ದರೆ ಕಾಲನ್ನು ಬಡಿಸಬಹುದಿತ್ತು. ಮರುದಿನ ವಿಗಿಲ್ ತನ್ನ ತಂಡದ ಇಬ್ಬರನ್ನು ಕರೆದುಕೊಂಡು ಓಡಿಬಂದ.

"ಯಾವ ಕಾಲು?"

ಎಗೋನ್ ನರಳುತ್ತ ಬಲಗಾಲು ಚಾಚಿದ. ಸೆಂಜಿ ಹುಬ್ಬು ಗಂಟಿಕ್ಕಿದಳು. "ಕಟ್ಟು ಇರೋದು ಎಡಗಾಲಿಗೆ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಹೆರ್ಮೀನೆ ಎರಡೂ ಕಾಲುಗಳನ್ನು ಬಹಳ ಆಸಕ್ತಿಯಿಂದ ನೋಡಿದಳು. ಸಿಕ್ಕಿಬಿದ್ದೆ, ದೇವರು ದೊಡ್ಡವನು, ಇನ್ನು ಎಲ್ಲ ಬಯಲಾಗುತ್ತದೆ ಎಂದು ಎಗೋನ್‌ನ ಎದೆ ಹಗುರಾಯಿತು.

"ಅಬ್ಬಾ!" ಎಂದ ವಿಗಿಲ್, ಮೆಚ್ಚುಗೆಯಿಂದ. "ನೋವನ್ನ ಒಂದು ಕಾಲಿಂದ ಇನ್ನೊಂದು ಕಾಲಿಗೆ ದಾಟಿಸಿದಾರೆ! ಇಂಥದ್ದು ಕೇಳಿದ್ದೆ, ಕಂಡಿರ್ಲಿಲ್ಲ. ಹಿಡ್ಕೊಳ್ರಪ್ಪಾ."

ಇಬ್ಬರು ಭುಜ ಹಿಡಿದರು. ವಿಗಿಲ್ ಎರಡೂ ಕಾಲನ್ನು ಒಂದಾದ ಮೇಲೊಂದು ಹಿಡಿದು ತಿರುವಿದ. ಲಟಕ್, ಲಟಕ್ ಎಂದಿತು. ಎಗೋನ್‌ನ ಕೂಗಿಗೆ ಕೊಟ್ಟಿಗೆಯ ದನಗಳು ಉತ್ತರ ಕೊಟ್ಟವು. ಎದ್ದು ನಿಂತಾಗ, ಹೇಳಲು ಸಂಕಟವಾಗುತ್ತದೆ, ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿ ನಿಂತೂ ನಿಂತೂ ಬಂದಿದ್ದ ಮಂಡಿನೋವು ಕೂಡ ಮಾಯವಾಗಿತ್ತು.

ಶನಿವಾರ ಕೊನೆಯ ಪ್ರಯತ್ನ. ಅವನು ಊರ ಚರ್ಚಿಗೆ ಹೋಗಿ, ಪಾಪ ಒಪ್ಪಿಕೊಳ್ಳುವ ಕಿರು ಕೋಣೆಯಲ್ಲಿ ಮೊಣಕಾಲೂರಿದ. ಜಾಲರಿಯಾಚೆ ಪಾದ್ರಿಯ ಕಿವಿ ಕಂಡಿತು. ಆ ಕಿವಿಗೆ ಎಗೋನ್ ಎಲ್ಲವನ್ನೂ ಸುರಿದ: ಅಂಗಡಿ, ಪಾರಿವಾಳ, ಮೂರು ದಿನ, ವಾಲ್‌ಬುರ್ಗಾ, ಕಾಲು. ದೇವರ ಮನೆಯಲ್ಲಾದರೂ ನಂಬದಿರುತ್ತಾರೆಯೇ?

ಪಾದ್ರಿ ನಿಟ್ಟುಸಿರು ಬಿಟ್ಟರು.

"ಮಗನೇ, ವಿನಯ ಒಳ್ಳೇದು. ಅತಿಯಾದ ವಿನಯವೂ ಒಂಥರಾ ಅಹಂಕಾರವೇ. ನಾಳೆ ಹತ್ತು. ಅದೇ ನಿನಗೆ ಪ್ರಾಯಶ್ಚಿತ್ತ."

ಭಾನುವಾರ ಬೆಳಿಗ್ಗೆ ಮುದಿ ಪಾದ್ರಿಯ ಬುಡದಲ್ಲಿ ಹಿಂಟರ್‌ಲಾನಿನ ಮೇಲಿನ ಕೇರಿ, ಕೆಳಗಿನ ಕೇರಿ, ನೆರೆ ಕಣಿವೆಯವರು, ಜರ್ಮನಿಯ ಪ್ರವಾಸಿಗಳು ಎಲ್ಲ ಸೇರಿದ್ದರು. ವಾದ್ಯದವರ ತುತ್ತೂರಿಗಳು ಬಿಸಿಲಿಗೆ ಫಳಫಳಿಸುತ್ತಿದ್ದವು. ಸೆಂಜಿ ಸಾಸೇಜು ಬೇಯಿಸುತ್ತಿದ್ದಳು. ವಿಗಿಲ್ ಎಗೋನ್‌ನ ಸೊಂಟಕ್ಕೆ ಪಟ್ಟಿ ಬಿಗಿದು, ತಲೆಗೆ ಹೆಲ್ಮೆಟ್ಟು ಇಟ್ಟು, ತಂತಿಗೆ ಸಿಕ್ಕಿಸುವ ಎರಡು ಕೊಕ್ಕೆಗಳನ್ನು ಕೈಗೆ ಕೊಟ್ಟ. "ನಿಮಗೆ ಹೇಳ್ಕೊಡೋದೇನಿದೆ!" ಎಂದು ಬೆನ್ನು ತಟ್ಟಿದ. ಅದೊಂದನ್ನೇ ಹೇಳಿಕೊಡಬೇಕಾಗಿತ್ತು. ಕೊನೆಗೆ ಕೊಕ್ಕೆ ಸಿಕ್ಕಿಸಿದ್ದು ವಲೇರಿ. ಮೂರು ದಿನದಿಂದ ಅವಳು ಫೋನಿನಲ್ಲಿ ಅದನ್ನೇ ನೋಡಿ ಕಲಿತಿದ್ದಳು.

"ಪಪ್ಪಾ, ಒಂದು ತೆಗೆದು ಮುಂದೆ ಸಿಕ್ಕಿಸಿ, ಆಮೇಲೆ ಇನ್ನೊಂದು. ಗೊತ್ತಲ್ಲ?"

"ಗೊತ್ತಮ್ಮ," ಎಂದ ಎಗೋನ್. ಅವನ ನಾಲಿಗೆ ಒಣಗಿ ಬೂಟಿನ ನಾಲಿಗೆಯಂತಾಗಿತ್ತು.

ಪಾದ್ರಿ ನೀರು ಚಿಮುಕಿಸಿದರು. ಡೋಲು ಗುಡುಗಿತು. ಎಗೋನ್ ಹತ್ತಿದ. ಮೊದಲ ಕೆಲವು ಮೆಟ್ಟಿಲು ಬಂಡೆಯನ್ನೇ ನೋಡುತ್ತ ಹೋದ. ಏನೋ ಪರವಾಗಿಲ್ಲ ಅನಿಸಿತು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಕೃತಜ್ಞತೆ ತೋರಿಸಬೇಕಲ್ಲ ಎಂದು ಅಭ್ಯಾಸಬಲದಿಂದ ತಿರುಗಿ, ಗಿರಾಕಿಗಳಿಗೆ ನಗುವ ಹಾಗೆ ನಕ್ಕ. ಹಾಗೆ ನಗುತ್ತಲೇ ಕೆಳಗೆ ನೋಡಿದ.

ದನದ ಕೊಟ್ಟಿಗೆಯ ಸೂರಿನಷ್ಟು ಎತ್ತರ ಬಂದಿದ್ದ. ಅಷ್ಟೇ. ಆದರೆ ಕೊಟ್ಟಿಗೆಯ ಸೂರಿನ ಮೇಲೆ ನಿಂತವನಿಗೆ ಅದು ಅಷ್ಟೇ ಅಲ್ಲ. ಅವನ ಎರಡೂ ಕೈ ತಂತಿಯನ್ನು ಸುತ್ತಿಕೊಂಡವು, ಕಣ್ಣು ಮುಚ್ಚಿಕೊಂಡವು, ಮೊಣಕಾಲು ತಮ್ಮ ಪಾಡಿಗೆ ತಾವು ಕುಣಿಯತೊಡಗಿದವು.

"ನಾನು ಹತ್ತಿಲ್ಲ!" ಎಂದು ಕಿರುಚಿದ. "ಯಾವತ್ತೂ ಹತ್ತಿಲ್ಲ! ನಾನು ಬೂಟು ಮಾರೋನು! ವಾಲ್‌ಬುರ್ಗಾ ಇಲ್ಲ! ವಾಲ್‌ಬುರ್ಗಾ ಅನ್ನೋಳು ಇಲ್ಲವೇ ಇಲ್ಲ!"

"ಇಲ್ಲ... ಇಲ್ಲ..." ಎಂದಿತು ಎದುರಿನ ಬೆಟ್ಟ.

ಜನ ಮುಖ ಮುಖ ನೋಡಿಕೊಂಡರು. ವಾದ್ಯ ನಿಂತಿತು. ಆಗ ವಿಗಿಲ್ ಕೈಯೆತ್ತಿ ಗಟ್ಟಿಯಾಗಿ ಹೇಳಿದ: "ನೋಡ್ಕೊಳ್ಳಿ ಮಹಾಜನರೇ! ಬಂಡೆ ಮೇಲೆ ಭಯ ಬಿದ್ದೋರು ಹೇಗಾಡ್ತಾರೆ ಅಂತ ಮಾಡಿ ತೋರಿಸ್ತಿದಾರೆ! ಇದನ್ನ ನೋಡಿ ಕಲಿಯೋದು ಬಹಳ ಇದೆ!"

ಚಪ್ಪಾಳೆ ಮುಗಿಲು ಮುಟ್ಟಿತು. "ಮಂಡಿ ನೋಡ್ರೋ, ಎಷ್ಟು ನಿಜವಾಗಿ ನಡುಗಿಸ್ತಾರೆ!" ಎಂದ ಮೇಯರ್. ಜರ್ಮನಿಯವರು ವಿಡಿಯೊ ತೆಗೆದರು. ಎಗೋನ್ ಅಳುತ್ತಿದ್ದ. ಅದಕ್ಕೂ ಚಪ್ಪಾಳೆ ಬಿತ್ತು.

ಆ ಜನಜಂಗುಳಿಯಲ್ಲಿ ಚಪ್ಪಾಳೆ ತಟ್ಟದೆ ನಿಂತವಳು ಒಬ್ಬಳೇ. ಗೂಡ್ರುನ್ ಗಂಡನ ಮೊಣಕಾಲುಗಳನ್ನೇ ನೋಡುತ್ತಿದ್ದಳು. ಆ ನಡುಕ ಅವಳಿಗೆ ಗೊತ್ತು. ಊಟದ ಮನೆಯ ಬಲ್ಬು, ಮೆಟ್ಟಿಲಿನ ಬಲ್ಬು, ಸ್ನಾನದ ಮನೆಯ ಬಲ್ಬು. ಮದುವೆಯಾದಾಗಿನಿಂದ ಏಣಿಯ ಕೆಳಗೆ ನಿಂತು ಆ ನಡುಕವನ್ನು ತಲೆಯ ಮೇಲೆಯೇ ಅನುಭವಿಸಿದವಳು ಅವಳು. ಇದನ್ನು ಯಾವ ನಟನೂ ಮಾಡಲಾರ. ಮೂರು ದಿನವಲ್ಲ, ಈ ಮನುಷ್ಯ ಬಂಡೆಯ ಮೇಲೆ ಮೂರು ನಿಮಿಷ ನಿಲ್ಲಲಾರ.

"ಅಯ್ಯೋ ನನ್ನ ದಡ್ಡ!" ಎಂದಳು. ಪಕ್ಕದಲ್ಲಿದ್ದ ರಕ್ಷಣಾ ತಂಡದವನ ಸೊಂಟದ ಪಟ್ಟಿಯನ್ನು ಬಿಚ್ಚಿಸಿ ತಾನು ಕಟ್ಟಿಕೊಂಡು, ಎರಡೆರಡು ಮೆಟ್ಟಿಲು ದಾಟುತ್ತ ಸರಸರನೆ ಹತ್ತಿದಳು.

"ಕಣ್ಣು ಬಿಡಿ ರೀ. ನಾನು."

"ಬಿಡಲ್ಲ."

"ಸರಿ, ಬಿಡಬೇಡಿ. ಬಲಗಾಲು ಕೆಳಗಿಡಿ. ನಾನು ಹಿಡಿದಿದೀನಿ."

"ಏಣಿ ಹಿಡಿದ ಹಾಗೆ ಹಿಡಿದಿದೀಯಾ?"

"ಹಾಗೇ ಹಿಡಿದಿದೀನಿ." ಅವಳು ಅವನ ಹಿಮ್ಮಡಿಯನ್ನು ಹಿಡಿದು ಮೆಟ್ಟಿಲಿನ ಮೇಲೆ ಇಟ್ಟಳು. "ಮುಂಚೇನೇ ಸರಿಯಾಗಿ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ನಲ್ಲೇ! ನಿನಗೆ ಹೇಳ್ದೆ, ಮೇಯರ್‌ಗೆ ಹೇಳ್ದೆ, ಪಾದ್ರಿಗೆ ಹೇಳ್ದೆ! ಈ ಊರಲ್ಲಿ ಸುಳ್ಳು ಒಂದೇ ಸಲಕ್ಕೆ ನಂಬ್ತಾರೆ, ನಿಜ ನಾಲ್ಕು ಸಲ ಹೇಳಿದ್ರೂ ನಂಬಲ್ಲ!"

"ಮೊದಲ ದಿನ ಊಟದ ಮನೇಲಿ ಯಾಕೆ ಸುಮ್ಮನಿದ್ರಿ?"

ಎಗೋನ್ ಬಂಡೆಗೆ ಹಣೆಯೊತ್ತಿದ. "ಮಗು ನನ್ನ ಮುಖ ನೋಡ್ತಿತ್ತು ಗೂಡ್ರುನ್."

ಗೂಡ್ರುನ್ ಅವನ ಇನ್ನೊಂದು ಕಾಲನ್ನೂ ಹಿಡಿದು ಮೆಲ್ಲಗೆ ಕೆಳಗಿನ ಮೆಟ್ಟಿಲಿಗೆ ಇಟ್ಟಳು.

ನೆಲ ಮುಟ್ಟಿದಾಗ ಎಗೋನ್ ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡ. ವಿಗಿಲ್ ನಗುನಗುತ್ತ ಬಂದವನು, ತಂತಿಯ ಗುರುತು ಕೆಂಪಗೆ ಮೂಡಿದ ಆ ಅಂಗೈಗಳನ್ನು ಕಂಡು ನಗು ನಿಲ್ಲಿಸಿದ. ಆಗ ಗೂಡ್ರುನ್ ಹೇಳಿದಳು, ನೆರೆದವರಿಗೆಲ್ಲ ಕೇಳಿಸುವ ಹಾಗೆ: "ಈ ಮನುಷ್ಯ ಬಲ್ಬು ಹಾಕೋಕೆ ಏಣಿ ಹತ್ತಿದ್ರೂ ಹೀಗೇ ನಡುಗೋದು. ಅವರು ಹೇಳಿದ್ದೆಲ್ಲ ನಿಜ. ಅಂದ್ರೆ, ಸುಳ್ಳು ಅಂತ ಹೇಳಿದ್ದು ನಿಜ."

ಜನರ ನಡುವೆ ಗುಜುಗುಜು ಎದ್ದಿತು. ಮೇಯರ್ ಕೋಟಿನ ಗುಂಡಿ ಹಾಕಲು ಹೋದ, ಗುಂಡಿ ಇರಲಿಲ್ಲ. ವಿಗಿಲ್ ಬಂದು ಹುಲ್ಲಿನ ಮೇಲೆ ಎಗೋನ್‌ನ ಪಕ್ಕದಲ್ಲಿ ಕೂತ. ಬಹಳ ಹೊತ್ತು ತನ್ನ ಬೂಟುಗಳನ್ನೇ ನೋಡಿದ.

"ಹೋದ ಚಳಿಗಾಲ ಗ್ರಾಜ್ ಕಡೆಯ ಒಬ್ಬ ವಿದ್ಯಾರ್ಥಿ ಕಂದಕಕ್ಕೆ ಬಿದ್ದ. ಎರಡೂ ಕಾಲು ಮುರಿದಿತ್ತು. ಹೆಲಿಕಾಪ್ಟರ್ ಬರೋಕೆ ಗಾಳಿ ಬಿಡ್ಲಿಲ್ಲ. ಕಣ್ಣು ಮುಚ್ಚಿದ್ರೆ ಹೋಗೇಬಿಡ್ತಾನೆ ಅಂತ ನಾನು ಪಕ್ಕದಲ್ಲಿ ಕೂತು ನಿಮ್ಮ ಕಥೆ ಹೇಳ್ದೆ. ವಿಯೆನ್ನಾದ ಒಬ್ಬ ಮೂರು ದಿನ ತಡ್ಕೊಂಡ, ನೀನು ಸಂಜೆ ತನಕ ತಡ್ಕೊಳಕ್ಕಾಗಲ್ವೇನೋ ಅಂತ ಬೈದೆ. ತಡ್ಕೊಂಡ. ಬದುಕಿದಾನೆ." ಅವನ ದನಿ ಗಟ್ಟಿಯಾಯಿತು. "ಈಗ ಇನ್ನೊಬ್ಬ ಬಿದ್ರೆ ನಾನೇನು ಹೇಳ್ಲಿ? ಹೇಳಿ! ಬೂಟೂ ಸುಳ್ಳೋ?"

ಎಗೋನ್ ಎದ್ದು ಕೂತ.

"ಬೂಟು ಸುಳ್ಳಲ್ಲ," ಎಂದ. "ನಾನೂ ಇವತ್ತು ಅದೇ ಬೂಟು ಹಾಕಿದೀನಿ. ಮೇಲೆ ನಾನು ನಡುಗಿದೆ. ಅದು ಜಾರಲಿಲ್ಲ. ಆ ಕಥೆ... ಅದನ್ನೇ ಹೇಳಿ ವಿಗಿಲ್. ನಾನು ಯಾರಿಗೂ ಬೇಡ ಅನ್ನಲ್ಲ."

ವಿಗಿಲ್ ಗಡ್ಡ ಕೆರೆದುಕೊಂಡ. ಕೋಪ ಮಾಡಿಕೊಳ್ಳಬೇಕೋ ಬೇಡವೋ ಎಂದು ಲೆಕ್ಕ ಹಾಕುವ ಹಾಗಿತ್ತು ಅವನ ಮುಖ. "ಹೇಳ್ತೀನಿ," ಎಂದ ಕೊನೆಗೆ. "ಆದರೆ ನಾಲ್ಕು ದಿನ ಅಂತೀನಿ. ನಮ್ಮ ಕಂದಕಗಳು ಬಹಳ ಆಳ."

ಮೇಯರ್‌ಗೆ ಬೇರೆ ಚಿಂತೆ. ಪಾದ್ರಿಯ ನೀರು ಒಣಗುತ್ತಿದೆ, ಸಾಸೇಜು ಆರುತ್ತಿದೆ, ಕಬ್ಬಿಣದ ಹಾದಿಯನ್ನು ಇನ್ನೂ ಯಾರೂ ಹತ್ತಿಲ್ಲ. ಎರಡೂ ಕೇರಿಯವರು ಆಗಲೇ ಒಬ್ಬರನ್ನೊಬ್ಬರು ಗುರಾಯಿಸುತ್ತಿದ್ದರು. "ಅಮ್ಮಾವ್ರೆ, ಹೇಗೂ ಪಟ್ಟಿ ಕಟ್ಟಿಕೊಂಡಿದೀರಿ..." ಎಂದು ಅವನು ರಾಗ ಎಳೆದ. ಅಷ್ಟು ಸಾಕಾಯಿತು. ಗೂಡ್ರುನ್ ಬಂಡೆಯ ಕಡೆ ನಡೆದಳು. ಅವಳ ಹಿಂದೆಯೇ, ಯಾರೂ ಕರೆಯದೆ, ಅತ್ತೆ ಹೆರ್ಮೀನೆ ತಲೆಗೆ ಹೆಲ್ಮೆಟ್ಟು ಏರಿಸಿದಳು. ಸಹಾಯಕ್ಕೆ ಕೈಚಾಚಿದ ರಕ್ಷಣಾ ತಂಡದವನ ಕೈಗೆ ಒಂದು ಪೆಟ್ಟು ಬಿತ್ತು. ವಾದ್ಯ ಮತ್ತೆ ಶುರುವಾಯಿತು. ಅಮ್ಮ ಮಗಳು ಮುದಿ ಪಾದ್ರಿಯ ನಿಲುವಂಗಿ ಹಿಡಿದು ನೆತ್ತಿಯವರೆಗೆ ಹತ್ತಿ, ಶಿಲುಬೆಯ ಪಕ್ಕದಲ್ಲಿ ನಿಂತು ಕೈಬೀಸಿದರು.

ಕೆಳಗೆ ಎಗೋನ್ ಹುಲ್ಲಿನಲ್ಲೇ ಕೂತಿದ್ದ. ವಲೇರಿ ಬಂದು ಪಕ್ಕದಲ್ಲಿ ಕೂತಳು. ಅವಳ ಕೈಯಲ್ಲಿ ಫೋನು ಇತ್ತು. ಅವಳಿನ್ನು ತಲೆ ಬಗ್ಗಿಸುತ್ತಾಳೆ ಎಂದು ಅವನು ಮನಸ್ಸು ಗಟ್ಟಿಮಾಡಿಕೊಂಡ.

"ಎಲ್ಲಾ ಸುಳ್ಳಾ ಪಪ್ಪಾ? ಆ ಗಾಳಿ? ಹಲ್ಲಲ್ಲಿ ಹಗ್ಗ ಕಚ್ಚಿದ್ದು?"

"ಹಲ್ಲು ನಾನು ಹೇಳಿದ್ದಲ್ಲ. ವಿಗಿಲ್ ಸೇರಿಸಿದ್ದು."

ವಲೇರಿಗೆ ನಗು ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಅಪ್ಪನ ಭುಜಕ್ಕೆ ಒರಗಿದಳು. "ಇಷ್ಟು ಭಯ ಇದ್ದೂ ಹತ್ತಿದ್ರಲ್ಲ," ಎಂದಳು. ಆ ಭುಜ ಅಲ್ಲಾಡದಂತೆ ಕೂತಿರುವುದೇ ಅಪ್ಪನಿಗೆ ಆಗ ದೊಡ್ಡ ಕೆಲಸವಾಗಿತ್ತು.

ಸಂಜೆ ಸೆಂಜಿಯ ಊಟದ ಮನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ನಡುವಿನ ಮೇಜಿನಲ್ಲಿ ಗೂಡ್ರುನ್, ಕೆನ್ನೆ ಕೆಂಪಗೆ, ಕೈಯಲ್ಲಿ ವೈನಿನ ಲೋಟ. ಸಾರು ಬರುವ ಹೊತ್ತಿಗೆ ಅವಳು ಹತ್ತಿದ ಬಂಡೆ ನೆಟ್ಟಗಿತ್ತು. ಮಾಂಸ ಬರುವ ಹೊತ್ತಿಗೆ ಅದು ಹೊರಕ್ಕೆ ವಾಲಿತ್ತು. "ಗಾಳಿ ಅಂದ್ರೆ ಗಾಳಿ!" ಎನ್ನುತ್ತಿದ್ದಳು. "ಒಂದು ಮೆಟ್ಟಿಲಂತೂ ನನ್ನ ಕಾಲಡಿಯಲ್ಲೇ ಅಲ್ಲಾಡ್ತು." ಮೇಯರ್ ಉಸಿರು ಬಿಗಿಹಿಡಿದಿದ್ದ. ಎರಡೂ ಕೇರಿಯವರು ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದರು. ತುಂಡು ಮಾಡಿದ ಸಿಹಿ ದೋಸೆಯ ಮೇಲೆ ಪ್ಲಮ್ ಹಣ್ಣಿನ ಗೊಜ್ಜು ಸುರಿದು ತಂದಿಡುವ ಹೊತ್ತಿಗೆ ಅತ್ತೆ ಹೆರ್ಮೀನೆ ಬಾಯಿ ಹಾಕಿದಳು. "ಆಗಲೇ ಆ ಹದ್ದು ಬಂದಿದ್ದು. ರೆಕ್ಕೆ ಅಂದ್ರೆ ಈ ಬಾಗಿಲಿಂದ ಆ ಬಾಗಿಲ ತನಕ. ನೆಟ್ಟಗೆ ನನ್ನ ಹೆಲ್ಮೆಟ್ಟಿಗೇ ಬಂತು!"

"ಆಹಾ!" ಎಂದಿತು ಇಡೀ ಊಟದ ಮನೆ. ಯಾರಿಗೂ ಲೇಶವೂ ಅನುಮಾನವಿಲ್ಲ. ಮುದುಕರು ಟೋಪಿ ತೆಗೆದರು.

ನಾಲ್ಕು ದಿನದಿಂದ ನಿಜ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದ ಎಗೋನ್ ಮೂಲೆಯಲ್ಲಿ ಕೂತು ಆ ಜನರನ್ನು, ಆ ಅತ್ತೆಯನ್ನು, ಆ ಹೆಂಡತಿಯನ್ನು ನೋಡಿದ. ಬೆಟ್ಟದ ಬುಡದಲ್ಲಿ ಅವನು ಇಳಿದಾಗಿನಿಂದ ಸಂಜೆಯವರೆಗೂ ಕೂತಿದ್ದ. ಆಕಾಶದಲ್ಲಿ ಒಂದು ಕಾಗೆಯೂ ಹಾರಿರಲಿಲ್ಲ.

ವಲೇರಿ ಅವನ ಕಿವಿಯ ಹತ್ತಿರ ಬಾಗಿದಳು. "ಪಪ್ಪಾ, ಹದ್ದು ಇತ್ತಾ?"

ಮೇಜಿನಾಚೆಯಿಂದ ಗೂಡ್ರುನ್ ಗಂಡನ ಕಡೆ ತಿರುಗಿದ್ದಳು. ಅವಳ ಲೋಟ ಅರ್ಧದಲ್ಲೇ ನಿಂತಿತ್ತು. ಊಟದ ಮನೆಯೂ ತಿರುಗಿತು. ಎಗೋನ್ ಚಮಚ ಕೆಳಗಿಟ್ಟು, ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ.

"ಒಂದಲ್ಲ," ಎಂದ ಮೆಲ್ಲಗೆ. "ಎರಡಿತ್ತು."